ಮಳೆಗಾಲದಲ್ಲಿ ಡೀಸೆಲ್ ಇಂಜಿನ್ ಕೈಕೊಟ್ಟರೆ: ಬಿಚ್ಚುವ ಮೊದಲು ಡೀಸೆಲ್ ನೋಡಿ, ಆಯಿಲ್ ನೋಡಿ

ಆರಿದ್ರಾ ಮಳೆ ಹಿಡಿದು ಗದ್ದೆ ಹದಕ್ಕೆ ಬಂದಿರುತ್ತದೆ, ಟಿಲ್ಲರ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್ ಕೊನೆಗೆ ಮೆಕ್ಯಾನಿಕ್ ಸಿಗುವುದೇ ಕಷ್ಟ. ಸಿಕ್ಕವರು ಬರುವಷ್ಟರಲ್ಲಿ ಕೆಲಸದವರು ಮನೆಗೆ ಹೊರಟಿರುತ್ತಾರೆ. ಬಂದು ನೋಡಿದರೆ ಟ್ಯಾಂಕಿನ ತಳದಲ್ಲಿ ನೀರು, ಫಿಲ್ಟರ್ ತುಂಬ ಲೋಳೆ. ಇಲ್ಲವೇ ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನಲ್ಲಿ ಯಾವುದೋ ಬೈಕಿನ ಆಯಿಲ್. ನಮ್ಮ ಕಡೆಯ ಡೀಸೆಲ್ ಇಂಜಿನ್ ತೊಂದರೆಗಳಲ್ಲಿ ಜಾಸ್ತಿ ಪಾಲು ಇಂಜಿನ್ನಿನ ಒಳಗೆ ಹುಟ್ಟಿದ್ದಲ್ಲ, ಕೊಟ್ಟಿಗೆಯ ಮೂಲೆಯ ಬ್ಯಾರಲ್ಲು, ಕ್ಯಾನುಗಳಲ್ಲಿ ಹುಟ್ಟಿದ್ದು.

ಕೆಳಗೆ ಬರೆದಿರುವುದು ಟಿಲ್ಲರ್, ಪಂಪ್‌ಸೆಟ್, ಜನರೇಟರ್, ಅಡಿಕೆ ಸುಲಿಯುವ ಮಿಷನ್ನಿನ ಇಂಜಿನ್‌ಗಳಿಗೆ ಮುಖ್ಯವಾಗಿ ಅನ್ವಯಿಸುತ್ತದೆ. ಟ್ರ್ಯಾಕ್ಟರ್ ಮತ್ತು ಪಿಕಪ್ ಗಾಡಿಗಳ ಮಾತು ಅಲ್ಲಲ್ಲಿ ಬರುತ್ತದೆ. ಬೇಕಾದ ಸಾಮಾನು ದೊಡ್ಡದೇನಿಲ್ಲ: ಬಣ್ಣವಿಲ್ಲದ ಒಂದು ಗಾಜಿನ ಬಾಟಲಿ, ಹಳೆ ಬಿಳಿ ಪಂಚೆಯ ತುಂಡು, ಟಾರ್ಚ್, ನಾಲ್ಕು ಸ್ಪ್ಯಾನರ್.

ಕೈ ಹಾಕುವ ಮೊದಲು

ಇಂಜಿನ್ ಆರಿಸಿ, ತಣಿಯಲು ಬಿಡಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಬೀಡಿ, ಸಿಗರೇಟು, ಒಲೆ ಹತ್ತಿರ ಬೇಡ. ಮಳೆ ಬರುತ್ತಿದೆ ಎಂದು ಪಂಪ್ ಮನೆಯ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವುದು ಗೊತ್ತಾಗುವಷ್ಟರಲ್ಲಿ ಎದ್ದು ಹೊರಗೆ ಬರುವ ಶಕ್ತಿ ಇರುವುದಿಲ್ಲ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ನಿಂದ ಚಿಮ್ಮುವ ಡೀಸೆಲ್‌ಗೆ ಕೈ ಅಡ್ಡ ಹಿಡಿಯಬಾರದು. ಹಳೇ ಕಾಲದ ಸಾದಾ ನಾಜಲ್ಲೇ ಸುಮಾರು 200 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಸುಮಾರು 200 ಪಟ್ಟು ಒತ್ತಡಕ್ಕೆ ತೆರೆಯುತ್ತದೆ. ಆ ಹನಿಗಳು ಚರ್ಮ ತೂರಿ ಒಳಗೆ ಹೋಗುತ್ತವೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೊಕ್ಕಿದೆ ಎಂದೇ ಡಾಕ್ಟರಿಗೆ ಹೇಳಿ.

ಹ್ಯಾಂಡಲ್ ಎಷ್ಟು ಹೊಡೆದರೂ ಸ್ಟಾರ್ಟ್ ಇಲ್ಲ, ಸ್ಟಾರ್ಟ್ ಆದರೂ ಎರಡು ನಿಮಿಷಕ್ಕೆ ನಿಲ್ಲುತ್ತದೆ

ಮೊದಲು ಸುಲಭದವು. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ಟ್ಯಾಪ್ ತೆರೆದಿದೆಯಾ? ನಿಲ್ಲಿಸುವ ಲಿವರ್ ಓಡುವ ಜಾಗಕ್ಕೆ ವಾಪಸ್ ಬಂದಿದೆಯಾ? ನಗು ಬರಬಹುದು, ಆದರೆ ಮೆಕ್ಯಾನಿಕ್‌ಗಳನ್ನು ಕೇಳಿ ನೋಡಿ.

ಆಮೇಲೆ ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಗದ್ದೆಯ ಕೆಸರು ಅದನ್ನು ಮುಚ್ಚಿದರೆ ಡೀಸೆಲ್ ಸ್ವಲ್ಪ ಹೊತ್ತು ಇಳಿದು ನಿಂತುಬಿಡುತ್ತದೆ. ಮುಚ್ಚಳ ಸಡಿಲ ಮಾಡಿದಾಗ ಇಂಜಿನ್ ಸರಿಯಾಗಿ ಓಡಿದರೆ ರೋಗ ಸಿಕ್ಕಿತು. ತಂತಿ ಹಾಕಿ ತೂತು ಬಿಡಿಸಿ, ಅಷ್ಟೇ.

ಇದ್ಯಾವುದೂ ಅಲ್ಲದಿದ್ದರೆ ಬಾಟಲಿ ತನ್ನಿ. ಟ್ಯಾಂಕಿನ ತಳದಿಂದ, ಅಂದರೆ ಡ್ರೈನ್ ಬೋಲ್ಟ್‌ನಿಂದಲೋ ಟ್ಯಾಪಿನ ಪೈಪ್ ಬಿಚ್ಚಿಯೋ, ಬಾಟಲಿ ಅರ್ಧ ತುಂಬುವಷ್ಟು ಡೀಸೆಲ್ ಹಿಡಿಯಿರಿ. ಮೇಲಿನಿಂದ ಅದ್ದಿ ತೆಗೆದರೆ ಪ್ರಯೋಜನವಿಲ್ಲ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಬಾಟಲಿಯನ್ನು ಅರ್ಧ ಗಂಟೆ ಅಲುಗಿಸದೆ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿದು ನೋಡಿ.

ತಿಳಿಯಾಗಿ, ಹುಲ್ಲಿನ ಹಳದಿ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಡೀಸೆಲ್ ನೋಡಲು ಸರಿಯಿದೆ. ಮಬ್ಬಾಗಿದ್ದರೆ ಅದರಲ್ಲಿ ತೇವ ಬೆರೆತಿದೆ. ತಳದಲ್ಲಿ ಬೇರೆಯೇ ಒಂದು ಪದರ ನಿಂತು, ಬಾಟಲಿ ಓರೆ ಮಾಡಿದಾಗ ಅದು ಗುಳ್ಳೆ ಗುಳ್ಳೆಯಾಗಿ ಉರುಳಿದರೆ ನೀರು. ಎರಡರ ನಡುವೆ ಕಂದು ಅಥವಾ ಕಪ್ಪು ಲೋಳೆ ತೇಲುತ್ತಿದ್ದರೆ ಅದು ಜೀವಾಣುಗಳದ್ದು. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಅವು ಬೆಳೆಯುತ್ತವೆ, ಡೀಸೆಲ್ಲನ್ನೇ ತಿಂದು ಬದುಕುತ್ತವೆ. ಇಂಥ ಡೀಸೆಲ್ಲನ್ನು ಸೋಸಿ ಮತ್ತೆ ಹಾಕುವ ಆಸೆ ಬೇಡ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ.

ನೀರು ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳ್ಳೆ ಡೀಸೆಲ್‌ನಲ್ಲಿ ಒಮ್ಮೆ ಗಲಬರಿಸಿ ಚೆಲ್ಲಿ. ಫಿಲ್ಟರ್ ಬಟ್ಟಲು ಬಿಚ್ಚಿ ಒರೆಸಿ. ಕಾಗದದ ಫಿಲ್ಟರ್ ನೀರು ಕುಡಿದಿದ್ದರೆ ಒಣಗಿಸಿ ಹಾಕಬೇಡಿ, ಹೊಸದು ಹಾಕಿ. ನಾಜಲ್‌ಗೆ ಡೀಸೆಲ್ ತಳ್ಳುವ ಪಂಪ್ ಮತ್ತು ನಾಜಲ್‌ನ ಬೆಲೆಯ ಮುಂದೆ ಫಿಲ್ಟರ್‌ನ ಬೆಲೆ ಏನೂ ಅಲ್ಲ.

ಈಗ ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಟ್ಯಾಂಕ್ ತುಂಬಿಸಿ, ಟ್ಯಾಪ್ ತೆರೆದು, ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಮೊದಲು ನೊರೆ ನೊರೆಯಾಗಿ ಬರುತ್ತದೆ. ಗುಳ್ಳೆ ನಿಂತು ಡೀಸೆಲ್ ಒಂದೇ ಸಮ ಬಂದಾಗ ಬಿಗಿ ಮಾಡಿ. ಡೀಸೆಲ್ ಪಂಪಿನ ಸ್ಕ್ರೂನಲ್ಲೂ ಹಾಗೇ ಮಾಡಿ. ಕೊನೆಗೆ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ, ರೇಸ್ ಕೊಟ್ಟು, ಹ್ಯಾಂಡಲ್ ನಿಧಾನಕ್ಕೆ ತಿರುಗಿಸುತ್ತಾ ಕಿವಿಗೊಡಿ. ನಾಜಲ್ ಸರಿಯಿದ್ದರೆ ಪ್ರತಿ ಸಲ ಡೀಸೆಲ್ ಹೊಡೆಯುವಾಗ ‘ಕಿರ್ರ್’ ಎಂದು ಸಣ್ಣ ಸದ್ದು ಕೊಡುತ್ತದೆ. ಆ ಸದ್ದು ಬಂದರೆ ಡೀಸೆಲ್ ನಾಜಲ್‌ವರೆಗೆ ತಲುಪುತ್ತಿದೆ. ಬರದಿದ್ದರೆ ಗಾಳಿ ಇನ್ನೂ ಇದೆ, ಇಲ್ಲವೇ ಪಂಪ್ ಅಥವಾ ನಾಜಲ್ ಕೆಟ್ಟಿದೆ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ. ಸುತ್ತಿ ಹಿಡಿದರೆ ಇಂಜಿನ್ ಹಿಂದಕ್ಕೆ ಒದ್ದಾಗ ಬೆರಳು ಮುರಿಯುತ್ತದೆ.

ನಾಜಲ್ ಸದ್ದು ಕೊಡುತ್ತಿದೆ, ಡೀಸೆಲ್ ಶುದ್ಧವಾಗಿದೆ, ಆದರೂ ಸ್ಟಾರ್ಟ್ ಇಲ್ಲ ಎಂದರೆ ಅದು ಕಂಪ್ರೆಷನ್, ವಾಲ್ವ್, ಟೈಮಿಂಗ್ ವಿಷಯ. ಇಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್ ಕರೆಯಿರಿ. ಪಿಕಪ್, ಜೀಪಿನಂಥ ಕಾಮನ್ ರೈಲ್ (ಒಂದೇ ಕೊಳವೆಯಿಂದ ಎಲ್ಲ ನಾಜಲ್‌ಗೂ ಡೀಸೆಲ್ ಹೋಗುವ) ಇಂಜಿನ್‌ಗಳಲ್ಲಿ ನಾಜಲ್ ಪೈಪ್ ಸಡಿಲ ಮಾಡುವ ಕೆಲಸವೇ ಬೇಡ. ಅದರಲ್ಲಿ ಒತ್ತಡ 1,000 ಬಾರ್ ದಾಟಿರುತ್ತದೆ.

ನೀರು ಬಂದದ್ದು ಎಲ್ಲಿಂದ?

ಬಂಕಿನವರನ್ನು ಬೈಯುವ ಮೊದಲು ಮನೆಯ ಬ್ಯಾರಲ್ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಷ್ಟು ಮಳೆಯಲ್ಲಿ, ಮಾಡಿನ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ಮೇಲ್ಭಾಗ ಹೇಗಿರುತ್ತದೆ ಗಮನಿಸಿ. ಸುತ್ತ ಅಂಚು ಎತ್ತರ, ನಡುವೆ ತಗ್ಗು. ಅಲ್ಲಿ ಒಂದು ಬೆರಳಷ್ಟು ನೀರು ನಿಂತಿರುತ್ತದೆ, ಬಿರಡೆ ಆ ನೀರಿನಲ್ಲೇ ಮುಳುಗಿರುತ್ತದೆ. ಹೊಳ ಬಿಟ್ಟು ಬಿಸಿಲು ಬಂದಾಗ ಬ್ಯಾರಲ್ಲಿನ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿನಿಂದ ಹೊರಗೆ ಹೋಗುತ್ತದೆ. ಸಂಜೆ ಮತ್ತೆ ಮಳೆ ಹೊಡೆದು ಬ್ಯಾರಲ್ ತಣ್ಣಗಾದಾಗ ಒಳಗೆ ಎಳೆತ ಹುಟ್ಟುತ್ತದೆ. ಆಗ ಒಳಗೆ ಹೋಗುವುದು ಗಾಳಿಯಲ್ಲ, ಮೇಲೆ ನಿಂತ ನೀರು. ಬಿರಡೆ ಎಷ್ಟೇ ಬಿಗಿಯಾಗಿದೆ ಅನ್ನಿಸಿದರೂ ಹೀಗಾಗುತ್ತದೆ. ಆಯಿಲ್ ಬ್ಯಾರಲ್ಲಿಗೂ ಇದೇ ಪಾಡು.

ಉಪಾಯ ಸುಲಭ. ಬ್ಯಾರಲ್ ಸೂರಿನ ಒಳಗಿರಲಿ. ಹೊರಗೇ ಇಡಬೇಕಾದರೆ ಮಲಗಿಸಿ, ಎರಡೂ ಬಿರಡೆಗಳು ಅಕ್ಕಪಕ್ಕ ಒಂದೇ ಎತ್ತರದಲ್ಲಿ ಬರುವಂತೆ, ಒಳಗಿನ ಡೀಸೆಲ್ ಮಟ್ಟಕ್ಕಿಂತ ಕೆಳಗಿರುವಂತೆ. ನಿಲ್ಲಿಸಿಯೇ ಇಡುವುದಾದರೆ ಒಂದು ಕಡೆ ಮರದ ತುಂಡು ಕೊಟ್ಟು ಓರೆ ಮಾಡಿ, ನೀರು ಬಿರಡೆಯ ಕಡೆಗೆ ಹೋಗದ ಹಾಗೆ. ಡೀಸೆಲ್ ತೆಗೆಯುವಾಗ ಪೈಪಿನ ತುದಿ ತಳಕ್ಕೆ ಮುಟ್ಟದಿರಲಿ, ಎರಡು ಮೂರು ಇಂಚು ಮೇಲೇ ಇರಲಿ.

ಪಂಪ್‌ಸೆಟ್‌ನ ಕಥೆ ಬೇರೆ. ಜೂನ್‌ನಲ್ಲಿ ನಿಲ್ಲಿಸಿದರೆ ಮತ್ತೆ ನೆನಪಾಗುವುದು ತೋಟಕ್ಕೆ ನೀರು ಬೇಕಾದಾಗ, ಜನವರಿಗೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೆ ಅಷ್ಟೂ ತಿಂಗಳು ಇಬ್ಬನಿ ಕಟ್ಟಿ ಇಳಿಯುತ್ತಿರುತ್ತದೆ. ನಿಲ್ಲಿಸುವಾಗಲೇ ಟ್ಯಾಂಕ್ ಕಂಠಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಅರ್ಧ ಬಿಡಬೇಡಿ.

ಸೈಲೆನ್ಸರ್ ಬಾಯಿಯನ್ನೂ ಮರೆಯಬಾರದು. ಮೇಲ್ಮುಖವಾಗಿರುವ ಸೈಲೆನ್ಸರ್‌ನಲ್ಲಿ ಮಳೆನೀರು ನೇರ ಸಿಲಿಂಡರಿಗೆ ಇಳಿಯಬಹುದು. ತಿಂಗಳುಗಟ್ಟಲೆ ಮಳೆಯಲ್ಲಿ ನಿಂತ ಇಂಜಿನ್ನನ್ನು ಮೊದಲು ಡಿಕಂಪ್ರೆಷನ್ ಎತ್ತಿ, ಡೀಸೆಲ್ ಬಂದ್ ಮಾಡಿ, ಕೈಯಲ್ಲೇ ನಿಧಾನಕ್ಕೆ ಎರಡು ಸುತ್ತು ತಿರುಗಿಸಿ. ಎಲ್ಲೋ ಒಂದು ಕಡೆ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಲ್ಲಿಸುವಾಗ ಒಂದು ಡಬ್ಬ ಕವುಚಿಟ್ಟಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಸ್ಟಾರ್ಟ್ ಆಗುತ್ತದೆ, ಆದರೆ ಲೋಡ್ ಬಿದ್ದರೆ ಬಲ ಇಲ್ಲ

ಖಾಲಿ ಓಡುವಾಗ ಚೆನ್ನಾಗಿ ಓಡಿ, ಗದ್ದೆಗೆ ಇಳಿಸಿದ ಕೂಡಲೇ ಅಥವಾ ಹುಲಿಕಲ್ ಘಾಟಿ ಹತ್ತುವಾಗ ಎಳೆಯದಿದ್ದರೆ ಡೀಸೆಲ್ ಫಿಲ್ಟರ್, ಏರ್ ಕ್ಲೀನರ್ ಎರಡನ್ನೂ ನೋಡಿ. ಹೊಗೆ ಇಲ್ಲದೆ ಬಲ ಮಾತ್ರ ಕಡಿಮೆಯಾಗಿದ್ದರೆ ಡೀಸೆಲ್ ಸಾಲುತ್ತಿಲ್ಲ ಅಂತ ಅರ್ಥ. ಫಿಲ್ಟರ್ ಕಟ್ಟಿಕೊಂಡಿದೆ. ಕಪ್ಪು ಹೊಗೆಯ ಜೊತೆ ಬಲ ಕಡಿಮೆಯಾದರೆ ಗಾಳಿ ಸಾಲುತ್ತಿಲ್ಲ. ‘ಘಟ್ಟದ ಗಾಳಿ ತೆಳು, ಅದಕ್ಕೇ ಎಳೆಯಲ್ಲ’ ಅನ್ನುವವರಿದ್ದಾರೆ. ಆಗುಂಬೆಯೇ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಎತ್ತರ. ಅಷ್ಟು ಎತ್ತರಕ್ಕೆ ಗಾಳಿಯ ಮೇಲೆ ತಪ್ಪು ಹೊರಿಸುವಂತಿಲ್ಲ.

ಹೊಸ ಫಿಲ್ಟರ್ ಹಾಕಿ ವಾರದೊಳಗೆ ಮತ್ತೆ ಕಟ್ಟಿಕೊಂಡರೆ ಟ್ಯಾಂಕಿನಲ್ಲಿ ಲೋಳೆ ಉಳಿದಿದೆ. ಫಿಲ್ಟರ್ ಮೇಲೆ ಫಿಲ್ಟರ್ ಬದಲಿಸುತ್ತಾ ಕೂರಬೇಡಿ, ಟ್ಯಾಂಕನ್ನೇ ಇಳಿಸಿ ತೊಳೆಯಿರಿ.

ಹೊಗೆಯ ಬಣ್ಣ ಏನು ಹೇಳುತ್ತದೆ

ಬಿಳಿ ಹೊಗೆ: ಚಳಿ, ಮಂಜಿನ ಬೆಳಗ್ಗೆ ಒಂದೆರಡು ನಿಮಿಷ ಬಂದು ನಿಂತರೆ ಚಿಂತೆಯಿಲ್ಲ. ಇಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ ಡೀಸೆಲ್ಲಿನಲ್ಲಿ ನೀರಿದೆ, ನಾಜಲ್ ಸೋರುತ್ತಿದೆ, ಇಲ್ಲವೇ ಸಿಲಿಂಡರ್ ಮತ್ತು ಹೆಡ್ಡಿನ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿ ತಂಪಿನ ನೀರು ಸಿಲಿಂಡರಿಗೆ ಬರುತ್ತಿದೆ. ಬಾಟಲಿ ಪರೀಕ್ಷೆ ಮಾಡಿ. ಡೀಸೆಲ್ ಸರಿಯಿದ್ದು ರೇಡಿಯೇಟರ್ ನೀರು ದಿನಾ ಇಳಿಯುತ್ತಿದ್ದರೆ ಗ್ಯಾಸ್ಕೆಟ್ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ.

ಕಪ್ಪು ಹೊಗೆ: ಏರ್ ಕ್ಲೀನರ್ ಮೊದಲು, ಲೋಡ್ ಜಾಸ್ತಿಯಾಗಿದೆಯಾ ಆಮೇಲೆ, ನಾಜಲ್ ಕೊನೆಗೆ. ಆಯಿಲ್ ತುಂಬಿದ ಏರ್ ಕ್ಲೀನರ್ ಇದ್ದರೆ ಬಟ್ಟಲು ಬಿಚ್ಚಿ ನೋಡಿ. ಕೆಸರು ಗಟ್ಟಿಯಾಗಿ ಕೂತಿದ್ದರೆ ತೊಳೆದು ಗೆರೆಯವರೆಗೆ ಮಾತ್ರ ಹೊಸ ಆಯಿಲ್ ಹಾಕಿ. ಗೆರೆ ಮೀರಿದರೆ ಏನಾಗುತ್ತದೆ ಎಂದು ಮುಂದೆ ಹೇಳುತ್ತೇನೆ.

ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಮಟ್ಟ ಜಾಸ್ತಿಯಾಗಿದೆಯಾ, ತೀರಾ ತೆಳುವಾದ ಆಯಿಲ್ ಹಾಕಿದ್ದೀರಾ ನೋಡಿ. ಎರಡೂ ಅಲ್ಲದಿದ್ದರೆ ಪಿಸ್ಟನ್ ರಿಂಗ್, ಸಿಲಿಂಡರಿನ ಒಳಗೋಡೆಯಾದ ಲೈನರ್ ಸವೆದಿದೆ. ದಪ್ಪ ಆಯಿಲ್ ಹಾಕಿ ನೀಲಿ ಹೊಗೆ ಮುಚ್ಚಿಡುವುದು ಗಾಡಿ ಮಾರುವವರ ಜಾಣತನ. ಇಟ್ಟುಕೊಳ್ಳುವವರಿಗೆ ಅದು ಆಗುವುದಿಲ್ಲ.

ಆಯಿಲ್ ಕಡ್ಡಿಯಲ್ಲಿ ಮಟ್ಟ ಏರಿದೆ

ಆಯಿಲ್ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ. ಏರಿದರೆ ‘ಒಳ್ಳೇದೇ ಆಯ್ತು, ಆಯಿಲ್ ಕುಡೀತಾ ಇಲ್ಲ’ ಅಂತ ಖುಷಿಪಡುತ್ತಾರೆ. ಆಯಿಲ್ ತಾನಾಗಿ ಹೆಚ್ಚುವುದಿಲ್ಲ, ಅಲ್ವಾ? ಒಳಗೆ ಇನ್ನೇನೋ ಸೇರುತ್ತಿದೆ. ಇಳಿಯುವುದಕ್ಕಿಂತ ಇದು ಅಪಾಯ.

ಮೊದಲು ಅಳತೆ ಸರಿಯಿದೆಯಾ ನೋಡಿ. ನಮ್ಮ ಕಡೆ ಸಮತಟ್ಟು ಜಾಗವೇ ಕಡಿಮೆ. ಧರೆಯ ಪಕ್ಕ ಓರೆಯಾಗಿ ನಿಂತ ಟಿಲ್ಲರ್‌ನಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ. ಅಂಗಳದಲ್ಲಿ ಮಟ್ಟವಾಗಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡಿ. ಕೆಲವು ಇಂಜಿನ್‌ಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡದೆ ಸುಮ್ನೆ ಇಳಿಬಿಟ್ಟು ನೋಡಬೇಕು. ಇಂಜಿನ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಹಾಗೆ ಮಾಡಿ.

ಮಟ್ಟ ನಿಜಕ್ಕೂ ಏರಿದ್ದರೆ ಕಡ್ಡಿಯ ಆಯಿಲ್ ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ. ಡೀಸೆಲ್ ವಾಸನೆ ಬಂದು ನೀರು ನೀರಾಗಿದ್ದರೆ ಡೀಸೆಲ್ ಸೇರಿದೆ. ಅನುಮಾನವಿದ್ದರೆ ದಪ್ಪ ಬಿಳಿ ಒತ್ತುಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ಗಂಟೆ ಬಿಡಿ. ನಡುವೆ ಕಪ್ಪು ಮಚ್ಚೆ, ಅದರ ಸುತ್ತ ಅಗಲವಾಗಿ ತೆಳು ಎಣ್ಣೆಯ ಉಂಗುರ ಹರಡಿದ್ದರೆ ಡೀಸೆಲ್ ಬೆರೆತಿರುವ ಸೂಚನೆ. ಪಕ್ಕದಲ್ಲೇ ಹೊಸ ಆಯಿಲ್ಲಿನ ಒಂದು ಹನಿ ಬಿಟ್ಟರೆ ಹೋಲಿಸಲು ಸುಲಭ.

ಡೀಸೆಲ್ ಎಲ್ಲಿಂದ ಇಳಿಯುತ್ತಿದೆ ಎಂದು ತಿಳಿಯಲು ಒಂದು ಕಾಸಿಲ್ಲದ ದಾರಿ ಇದೆ. ಟ್ಯಾಂಕ್ ಇಂಜಿನ್ನಿಗಿಂತ ಮೇಲಿದ್ದರೆ, ಆಯಿಲ್ ಬದಲಿಸಿ, ರಾತ್ರಿ ಡೀಸೆಲ್ ಟ್ಯಾಪ್ ತೆರೆದೇ ಬಿಟ್ಟು ಬೆಳಗ್ಗೆ ಮಟ್ಟ ನೋಡಿ. ಮರುದಿನ ಟ್ಯಾಪ್ ಬಂದ್ ಮಾಡಿ ನೋಡಿ. ತೆರೆದಾಗ ಮಾತ್ರ ಏರಿದರೆ ನಿಂತ ಇಂಜಿನ್ನಿನಲ್ಲೇ ಪಂಪ್ ಅಥವಾ ನಾಜಲ್ ಮೂಲಕ ಡೀಸೆಲ್ ಸೋರುತ್ತಿದೆ. ಓಡಿಸಿದಾಗ ಮಾತ್ರ ಏರಿದರೆ ಕೆಟ್ಟ ನಾಜಲ್, ಇಲ್ಲವೇ ಫೀಡ್ ಪಂಪ್ ಇರುವ ಇಂಜಿನ್‌ಗಳಲ್ಲಿ ಅದರ ಒಳಗಿನ ಡಯಾಫ್ರಮ್. ಯಾವುದಾದರೂ ಸರಿ, ಡೀಸೆಲ್ ಬೆರೆತ ಆಯಿಲ್ಲಿನಲ್ಲಿ ಇಂಜಿನ್ ಓಡಿಸಬೇಡಿ. ಬೇರಿಂಗ್ ಬೇಗ ಹೋಗುತ್ತದೆ.

ಬಿಎಸ್ 6, ಅಂದರೆ ಹೊಸ ಹೊಗೆ ನಿಯಮದ ಪಿಕಪ್ ಇಟ್ಟವರಿಗೆ ಇನ್ನೊಂದು ಕಾರಣ. ಸೈಲೆನ್ಸರ್‌ನ ಮಸಿ ಸೋಸುವ ಡಿಪಿಎಫ್ ತನ್ನ ಮಸಿ ಸುಟ್ಟುಕೊಳ್ಳಲು ಹೆಚ್ಚು ಡೀಸೆಲ್ ಬೇಡುತ್ತದೆ. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಎಂದು ಸಣ್ಣ ಸಣ್ಣ ಓಡಾಟ ಮಾಡಿದರೆ ಅದು ಅರ್ಧಕ್ಕೇ ನಿಂತು, ಉರಿಯದ ಡೀಸೆಲ್ ಆಯಿಲ್ಲಿಗೆ ಇಳಿಯುತ್ತದೆ. ಡಿಪಿಎಫ್ ಲೈಟ್ ಬಂದಾಗ ಪುಸ್ತಕದಲ್ಲಿ ಹೇಳಿದಂತೆ ಒಂದೇ ಸಮ ಓಡಿಸಿ. ಶಿವಮೊಗ್ಗಕ್ಕೆ ಹೋಗುವ ಕೆಲಸವಿದ್ದರೆ ಅವತ್ತೇ ಹೋಗಿ ಬನ್ನಿ.

ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದೆ

ನೀರು ಸೇರಿದೆ. ಆದರೆ ಎಲ್ಲಿ ಕಾಣುತ್ತಿದೆ ಎನ್ನುವುದು ಮುಖ್ಯ. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಮಾತ್ರ ಸ್ವಲ್ಪ ಬಿಳಿ ಕೆನೆ ಇದ್ದು ಕಡ್ಡಿಯಲ್ಲಿ ಆಯಿಲ್ ಸಾದಾ ಕಪ್ಪಾಗಿದ್ದರೆ ಅದು ಮಳೆಗಾಲದ ತೇವ. ಕರೆಂಟ್ ಹೋದಾಗ ಐದು ನಿಮಿಷ ಜನರೇಟರ್ ಓಡಿಸಿ ನಿಲ್ಲಿಸುವವರಿಗೆ ಇದು ಮಾಮೂಲಿ. ಇಂಜಿನ್ ಪೂರ್ತಿ ಬಿಸಿಯಾದರೆ ತೇವ ಆರಿಹೋಗುತ್ತದೆ, ಓಡಿಸಿದಾಗ ಅರ್ಧ ಗಂಟೆಯಾದರೂ ಲೋಡ್ ಹಾಕಿ ಓಡಿಸಿ.

ಕಡ್ಡಿಯಲ್ಲೇ ಕಾಫಿ ಬಣ್ಣ ಕಂಡರೆ ಇಂಜಿನ್ ಮುಟ್ಟಬೇಡಿ, ಒಂದು ಸಲವೂ ಸ್ಟಾರ್ಟ್ ಮಾಡಬೇಡಿ. ಕಾರಣ ಗ್ಯಾಸ್ಕೆಟ್, ಲೈನರ್‌ನ ರಬ್ಬರ್ ರಿಂಗ್ ಅಥವಾ ಸೀಳಿದ ಹೆಡ್. ಹಳ್ಳದ ನೀರು ನುಗ್ಗಿ ಮುಳುಗಿದ ಪಂಪ್‌ಸೆಟ್‌ಗೂ ಇದೇ ಮಾತು. ಒಣಗಿದಂತೆ ಕಂಡರೂ ಆಯಿಲ್, ಡೀಸೆಲ್, ಏರ್ ಕ್ಲೀನರ್ ಮೂರೂ ಖಾಲಿ ಮಾಡಿಸದೆ ತಿರುಗಿಸಬಾರದು.

ಹೊಸ ಆಯಿಲ್ ನಾಲ್ಕೇ ದಿನಕ್ಕೆ ಕಪ್ಪಾಗಿದೆ

ಇದು ರೋಗವೇ ಅಲ್ಲ. ಡೀಸೆಲ್ ಇಂಜಿನ್ ಮಸಿ ಹುಟ್ಟಿಸುತ್ತದೆ, ಆ ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಒಳ್ಳೆ ಆಯಿಲ್ಲಿನ ಕೆಲಸ. ಕಪ್ಪಾಗದೆ ಹೊಳೆಯುತ್ತಲೇ ಇದ್ದರೆ ನನಗಂತೂ ಅನುಮಾನ ಬರುತ್ತದೆ.

ಆಯಿಲ್ ಲೈಟ್ ಹತ್ತಿದೆ, ಅಥವಾ ಕೆಳಗಿನಿಂದ ಕುಟ್ಟುವ ಸದ್ದು

ತಕ್ಷಣ ನಿಲ್ಲಿಸಿ. ‘ಆ ಗದ್ದೆ ಮುಗಿಸಿಬಿಡೋಣ’ ಬೇಡ. ಮಟ್ಟ ನೋಡಿ. ಕಡಿಮೆಯಿದ್ದರೆ ಹಾಕಿ, ಎಲ್ಲಿ ಸೋರಿದೆ ಹುಡುಕಿ. ಮಟ್ಟ ಸರಿಯಿದ್ದೂ ಲೈಟ್ ಆರದಿದ್ದರೆ, ಅಥವಾ ಸದ್ದು ನಿಲ್ಲದಿದ್ದರೆ ಟ್ರ್ಯಾಕ್ಟರ್ ಕಟ್ಟಿ ಎಳೆದುಕೊಂಡಾದರೂ ಹೋಗಿ, ಓಡಿಸಿಕೊಂಡು ಹೋಗಬೇಡಿ.

ಹಾಗಾದರೆ ಯಾವ ಆಯಿಲ್?

ಅಂಗಡಿಯಲ್ಲಿ ‘ಟಿಲ್ಲರ್‌ಗೆ ಆಯಿಲ್ ಕೊಡಿ’ ಅಂದರೆ ಅವರ ಹತ್ತಿರ ಇರುವುದನ್ನು ಕೊಡುತ್ತಾರೆ. ಡಬ್ಬದ ಮೇಲೆ ಎರಡು ವಿಷಯ ಓದಲು ಕಲಿತರೆ ಸಾಕು.

ಒಂದು ದಪ್ಪದ ಲೆಕ್ಕ. 15ಡಬ್ಲ್ಯು-40 ಎಂದಿದ್ದರೆ ಡಬ್ಲ್ಯು ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂದು, ಮುಂದಿನದು ಇಂಜಿನ್ ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂದು ಹೇಳುತ್ತದೆ. ಮಲೆನಾಡಿನ ಚಳಿ ನಮಗೆ ಚಳಿ, ಆಯಿಲ್ಲಿಗಲ್ಲ. 15 ಆದರೂ 20 ಆದರೂ ಇಲ್ಲಿ ನಡೆಯುತ್ತದೆ. ಮುಂದಿನ ಅಂಕಿಯನ್ನು ಮಾತ್ರ ಪುಸ್ತಕದಲ್ಲಿರುವಂತೆಯೇ ಇಟ್ಟುಕೊಳ್ಳಿ. ಹಳೇ ನಿಧಾನದ ಪಂಪ್‌ಸೆಟ್‌ಗಳಿಗೆ ಎಸ್‌ಎಇ 30 ಅಥವಾ 40 ಎಂದು ಒಂದೇ ಅಂಕಿ ಹೇಳಿರುವುದುಂಟು, ಅದನ್ನೇ ಹಾಕಿದರೆ ಏನೂ ಕೊರತೆಯಿಲ್ಲ.

ಎರಡನೆಯದು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಇಂಜಿನ್ನಿಗೆ, ಸಿ ಅಕ್ಷರದಿಂದ ಶುರುವಾದರೆ ಡೀಸೆಲ್ಲಿಗೆ. ಸಿಎಫ್-4, ಸಿಎಚ್-4, ಸಿಐ-4, ಸಿಕೆ-4 ಹೀಗೆ ಅಕ್ಷರ ಮುಂದೆ ಹೋದಷ್ಟು ಹೊಸ ದರ್ಜೆ. ಸಿಎಫ್-4 ಕೇಳಿದ ಇಂಜಿನ್ನಿಗೆ ಸಿಎಚ್-4, ಸಿಐ-4 ಹಾಕಬಹುದು. ಸಿಐ-4 ಕೇಳಿದ್ದಕ್ಕೆ ಸಿಎಫ್-4 ಹಾಕಬಾರದು. ಎಡವುವುದು ಇಲ್ಲೇ: ಬೈಕಿನ ಆಯಿಲ್ ಡಬ್ಬದ ಮೇಲೂ 20ಡಬ್ಲ್ಯು-40 ಎಂದಿರುತ್ತದೆ. ಅಂಕಿ ಒಂದೇ ಎಂದು ಉಳಿದದ್ದನ್ನು ಟಿಲ್ಲರ್‌ಗೆ ಸುರಿಯುತ್ತಾರೆ. ದಪ್ಪ ಸರಿ, ಆದರೆ ಡೀಸೆಲ್ಲಿನ ಮಸಿ ತಡೆಯುವ ಮದ್ದು ಅದರಲ್ಲಿ ಸಾಕಷ್ಟಿಲ್ಲ.

ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿ ಉಳಿಸುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಬೂದಿ ಡಿಪಿಎಫ್ ಕಟ್ಟುತ್ತದೆ. ಪುಸ್ತಕದಲ್ಲಿ ಬರೆದ ಗುರುತೇ ಡಬ್ಬದ ಮೇಲೆ ಇರಬೇಕು. ಟ್ರ್ಯಾಕ್ಟರಿನ ಹೈಡ್ರಾಲಿಕ್ ಮತ್ತು ಗೇರ್ ಪೆಟ್ಟಿಗೆಯ ಆಯಿಲ್ ಬೇರೆಯೇ, ಇಂಜಿನ್ನಿನದ್ದು ಅಲ್ಲಿಗೆ, ಅಲ್ಲಿಯದ್ದು ಇಂಜಿನ್ನಿಗೆ ಬೇಡ.

ಸೀಲ್ ಒಡೆದ ಡಬ್ಬ, ಬಿಡಿ ಅಳೆದು ಕೊಡುವ ಆಯಿಲ್ ಎಷ್ಟೇ ಅಗ್ಗವಾದರೂ ನಾನು ತರುವುದಿಲ್ಲ.

ಡೀಸೆಲ್ ಮೇಲೇ ಅನುಮಾನ

2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕ್‌ಗಳಲ್ಲೂ ಬಿಎಸ್ 6 ಡೀಸೆಲ್ಲೇ ಸಿಗುತ್ತದೆ. ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ, ಮೊದಲು 50 ಇತ್ತು. ಹಳೆ ಟಿಲ್ಲರ್‌ಗೂ ಇದೇ ಡೀಸೆಲ್ ನಡೆಯುತ್ತದೆ. ಅನುಮಾನ ಬಂದರೆ ಬಂಕಿನಲ್ಲೇ ಸಾಂದ್ರತೆ ಅಳೆದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. 15 ಡಿಗ್ರಿ ಸೆಲ್ಸಿಯಸ್ ಲೆಕ್ಕಕ್ಕೆ ತಂದ ಅಂಕಿ, ಬಂಕಿಗೆ ಟ್ಯಾಂಕರ್ ಬಂದಾಗ ದಾಖಲಿಸಿದ್ದಕ್ಕಿಂತ ಘನ ಮೀಟರಿಗೆ 3 ಕೆ.ಜಿ.ಗಿಂತ ಜಾಸ್ತಿ ಆಚೀಚೆ ಇರಬಾರದು. ಅಳತೆಯ ಅನುಮಾನಕ್ಕೆ 5 ಲೀಟರ್ ಮಾಪಕ ಇರುತ್ತದೆ. ಫಿಲ್ಟರ್ ಕಾಗದದ ಮೇಲೆ ಹನಿ ಬಿಟ್ಟು ಕಲೆ ಉಳಿಯುತ್ತದೆಯಾ ನೋಡುವ ಪರೀಕ್ಷೆ ಪೆಟ್ರೋಲ್‌ಗೆ ಮಾತ್ರ, ಡೀಸೆಲ್ಲಿಗೆ ಮಾಡಿ ಜಗಳ ಆಡಬೇಡಿ.

ಸೀಮೆಎಣ್ಣೆ ಬೆರೆಸಿದರೆ ಇಂಜಿನ್ ಓಡುತ್ತದೆ, ಅದೇ ತೊಂದರೆ. ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆ ತೆಳು, ಜಾರುತನ ಕಡಿಮೆ. ಪಂಪ್ ಸದ್ದಿಲ್ಲದೆ ಸವೆಯುತ್ತದೆ. ಹೊಂಗೆ ಎಣ್ಣೆ, ಕರಿದ ಎಣ್ಣೆ ಹಾಕಬಹುದಾ ಅಂತ ಕೇಳುವವರಿದ್ದಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಲ್ಲೇ ಡೀಸೆಲ್ ಇಂಜಿನ್ ಓಡಿಸಿ ತೋರಿಸಿದ್ದರು, ನಿಜ. ಆದರೆ ಹಸಿ ಎಣ್ಣೆ ಡೀಸೆಲ್‌ಗಿಂತ ಬಹಳ ದಪ್ಪ. ನಾಜಲ್ ಬಾಯಲ್ಲಿ ಕಿಟ್ಟ ಕಟ್ಟುತ್ತದೆ, ಇಂಜಿನ್ ಆಯಿಲ್ಲಿಗೆ ಇಳಿದು ಅದನ್ನೂ ಅಂಟು ಮಾಡುತ್ತದೆ. ಸಂಸ್ಕರಿಸಿದ ಬಯೋಡೀಸೆಲ್ ಬೇರೆ, ಬಾಣಲೆಯ ಎಣ್ಣೆ ಬೇರೆ.

ತಪ್ಪಿ ಪೆಟ್ರೋಲ್ ಬಿದ್ದರೆ ಕೀ ಕೂಡ ತಿರುಗಿಸಬೇಡಿ. ಪೂರ್ತಿ ಖಾಲಿ ಮಾಡಿಸಿ. ಪೆಟ್ರೋಲ್ ಬೆರೆತ ಡೀಸೆಲ್ ಬೆಂಕಿಯ ವಿಷಯದಲ್ಲಿ ಪೆಟ್ರೋಲ್ ಇದ್ದಂತೆಯೇ, ಹಾಗೆಂದು ತಿಳಿದೇ ಮುಟ್ಟಿ.

ನೀಲಿ ಮುಚ್ಚಳದ ಡಿಇಎಫ್ (ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ) ಟ್ಯಾಂಕ್ ಇರುವ ಗಾಡಿಗಳಿಗೆ ಎರಡು ಮಾತು. ಅದನ್ನು ಡೀಸೆಲ್ ಟ್ಯಾಂಕಿಗೆ ಹಾಕಿದರೆ ಪಂಪ್, ನಾಜಲ್ ಎಲ್ಲವೂ ಹಾಳು. ಮತ್ತೆ, ಅದರಲ್ಲಿ ಇರುವುದು 32.5 ಶೇಕಡಾ ಯೂರಿಯಾ ತಾನೇ ಎಂದು ಗೊಬ್ಬರದ ಚೀಲ ಬಿಚ್ಚಬೇಡಿ. ಗದ್ದೆಯ ಯೂರಿಯಾದಲ್ಲಿರುವ ಕಲ್ಮಶ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ದುಬಾರಿ ಕ್ಯಾಟಲಿಸ್ಟನ್ನು ಕೆಡಿಸುತ್ತದೆ.

ಇಂಜಿನ್ ತಾನಾಗೇ ರೇಸ್ ಆಗುತ್ತಿದೆ, ನಿಲ್ಲಿಸಿದರೂ ನಿಲ್ಲುತ್ತಿಲ್ಲ

ಏರ್ ಕ್ಲೀನರ್‌ನಲ್ಲಿ ಗೆರೆ ಮೀರಿ ಆಯಿಲ್ ಹಾಕಿದರೆ, ಅಥವಾ ಸಂಪಿನಲ್ಲಿ ಡೀಸೆಲ್ ಸೇರಿ ಮಟ್ಟ ಏರಿದ್ದರೆ ಇಂಜಿನ್ ಆ ಎಣ್ಣೆಯನ್ನೇ ಎಳೆದು ಉರಿಸಬಹುದು. ಆಗ ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಮೊದಲು ಜನರನ್ನು ದೂರ ಕಳಿಸಿ, ಫ್ಲೈವೀಲ್ ಮತ್ತು ಬೆಲ್ಟಿನ ಸಾಲಿನಲ್ಲಿ ಯಾರೂ ನಿಲ್ಲಬಾರದು. ಹತ್ತಿರ ಹೋಗಲು ಸಾಧ್ಯವಿದ್ದರೆ ಮಾತ್ರ ಗಾಳಿ ಎಳೆಯುವ ಬಾಯಿಗೆ ಚಪ್ಪಟೆ ಹಲಗೆ ಒತ್ತಿ ಹಿಡಿಯಿರಿ. ಕೈಯಲ್ಲಿ ಮುಚ್ಚಬೇಡಿ, ಬಟ್ಟೆ ತುರುಕಬೇಡಿ, ಒಳಗೆಳೆದುಕೊಳ್ಳುತ್ತದೆ. ಸಾಧ್ಯವಿಲ್ಲದಿದ್ದರೆ ಬಿಟ್ಟು ದೂರ ನಿಲ್ಲಿ. ಇಂಜಿನ್ ಹೋದರೆ ಹೋಗಲಿ.

ನಿಂತ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ನೋಡಬೇಡಿ. ಮೆಕ್ಯಾನಿಕ್ ಬರುವ ಮೊದಲು ಟ್ಯಾಂಕಿನ ಡೀಸೆಲ್ ಒಂದು ಬಾಟಲಿ, ಸಂಪಿನ ಆಯಿಲ್ ಒಂದು ಬಾಟಲಿ ತೆಗೆದು, ಕೊನೆಗೆ ಹಾಕಿದ ಆಯಿಲ್ಲಿನ ಖಾಲಿ ಡಬ್ಬವನ್ನೂ ಪಕ್ಕದಲ್ಲಿಡಿ. ಅವರ ಅರ್ಧ ಗಂಟೆ ಉಳಿಯುತ್ತದೆ. ಬಸಿದ ಹಳೆ ಆಯಿಲ್ಲನ್ನು ತೋಟದ ಬಸಿಗಾಲುವೆಗೆ ಬಿಡದೆ ಕ್ಯಾನಿಗೆ ತುಂಬಿ ಗ್ಯಾರೇಜಿನವರಿಗೇ ಕೊಟ್ಟುಬಿಡಿ.